‘ಪ್ರಾಣಿಗಳು’ ಅಧ್ಯಾಯ ಒಂದೇ ಸಾಲದು

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಅಮೆರಿಕದ ಪ್ರಾಣಿ ಕಾನೂನಿನ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಅಲ್ಲಿನ ಕಾನೂನು ವಿಶ್ವಕೋಶದಲ್ಲಿ ‘ಪ್ರಾಣಿಗಳು’ ಅಧ್ಯಾಯ ಪೂರ್ತಿ ಓದಿದೆ. ನಾಯಿ ಕಚ್ಚಿದರೆ ಯಾರು ಹೊಣೆ, ದನ ಬೇಲಿ ದಾಟಿದರೆ ಏನು ಅನ್ನುವುದೇ ಜಾಸ್ತಿ ಇದೆ. ಪ್ರಾಣಿಗಳ ಹಕ್ಕಿನ ದೊಡ್ಡ ಕೇಸುಗಳು ಎಲ್ಲಿ ಸಿಗುತ್ತವೆ? ಡೈಜೆಸ್ಟ್ (ತೀರ್ಪುಗಳ ಸಾರಸಂಗ್ರಹ) ಕೂಡ ನೋಡಬೇಕಾ?

ಉತ್ತರ: ಶುರು ಮಾಡಿದ ಜಾಗ ಸರಿಯಾಗಿಯೇ ಇದೆ. ಆದರೆ ಅಲ್ಲಿಗೇ ನಿಂತುಬಿಡಬೇಡಿ. ಪ್ರಾಣಿ ಅಂದರೆ ಯಾರದೋ ಆಸ್ತಿ ಎಂದೇ ಕೋರ್ಟುಗಳು ಬಹುಕಾಲದಿಂದ ನೋಡಿಕೊಂಡು ಬಂದಿವೆ. ‘ಕಾರ್ಪಸ್ ಜೂರಿಸ್ ಸೆಕಂಡಮ್’ ಆಗಲಿ, ‘ಅಮೆರಿಕನ್ ಜೂರಿಸ್‌ಪ್ರುಡೆನ್ಸ್’ ಆಗಲಿ, ಎರಡೂ ವಿಶ್ವಕೋಶಗಳ ಆ ಅಧ್ಯಾಯದಲ್ಲಿ ಮಾಲೀಕನ ಹಕ್ಕು, ಮಾಲೀಕನ ಹೊಣೆ ಇವೇ ತುಂಬಿರುವುದು ಅದಕ್ಕೇ.

ಹಾಗಾಗಿ ಹುಡುಕುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೋರ್ಟಿನ ಮುಂದೆ ನಿಜವಾಗಿ ಇದ್ದ ವಾದ ಯಾವುದು? ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಆನೆ ಹ್ಯಾಪಿಯನ್ನು ಬಿಡುಗಡೆ ಮಾಡಿ ಎಂದು ಕೇಳಿದ ಕೇಸು ನೋಡಿ. ಅಲ್ಲಿ ವಾದ ನಡೆದದ್ದು ಹೇಬಿಯಸ್ ಕಾರ್ಪಸ್ ಮೇಲೆ, ಅಂದರೆ ಅಕ್ರಮ ಬಂಧನದಿಂದ ಬಿಡಿಸಿ ಎಂದು ಕೋರ್ಟನ್ನು ಕೇಳುವ ಅರ್ಜಿಯ ಮೇಲೆ. ಫ್ಲಾರಿಡಾದ ಹಯಾಲಿಯಾ ನಗರ ಪ್ರಾಣಿಬಲಿಗೆ ಹಾಕಿದ ನಿಷೇಧವನ್ನು ಸುಪ್ರೀಂ ಕೋರ್ಟ್ 1993ರಲ್ಲಿ ತಳ್ಳಿಹಾಕಿದ್ದು ಧಾರ್ಮಿಕ ಸ್ವಾತಂತ್ರ್ಯದ ಆಧಾರದಲ್ಲಿ. ತಾಯಿಹಂದಿಗಳನ್ನು ಇಕ್ಕಟ್ಟಿನಲ್ಲಿ ಕೂಡಿಹಾಕಿ ಪಡೆದ ಮಾಂಸ ಮಾರುವಂತಿಲ್ಲ ಎಂಬ ಕ್ಯಾಲಿಫೋರ್ನಿಯಾ ಕಾನೂನು 2023ರಲ್ಲಿ ಉಳಿದುಕೊಂಡಿತು. ಅಲ್ಲಿನ ಜಗಳ ರಾಜ್ಯಗಳ ನಡುವಿನ ವ್ಯಾಪಾರದ್ದು. ವಿಚ್ಛೇದನದಲ್ಲಿ ಸಾಕುನಾಯಿ ಯಾರ ಪಾಲಿಗೆ ಅನ್ನುವುದಕ್ಕೆ ಕುಟುಂಬ ಕಾನೂನು ನೋಡಬೇಕು, ಅದರ ಹೆಸರಲ್ಲಿ ಹಣ ಇಡುವುದಕ್ಕೆ ಟ್ರಸ್ಟ್ ಕಾನೂನು. ಒಂದೇ ಅಧ್ಯಾಯದಲ್ಲಿ ಇವೆಲ್ಲ ಹೇಗೆ ಸಿಗುತ್ತವೆ, ಅಲ್ವಾ?

ಡೈಜೆಸ್ಟ್ ಖಂಡಿತ ನೋಡಿ. ವಿಶ್ವಕೋಶ ವಿಷಯವನ್ನು ವಿವರಿಸುತ್ತದೆ. ಡೈಜೆಸ್ಟ್ ವಿವರಿಸುವುದಿಲ್ಲ, ತೀರ್ಪುಗಳ ಸಾರವನ್ನು ವಿಷಯವಾರು ಜೋಡಿಸಿಡುತ್ತದೆ. ವೆಸ್ಟ್ ಕಂಪನಿಯ ಡೈಜೆಸ್ಟ್‌ನಲ್ಲಿ ಪ್ರತಿ ಕಾನೂನು ಅಂಶಕ್ಕೂ ಒಂದು ಕೀ ನಂಬರ್ ಇರುತ್ತದೆ. ವಿಶ್ವಕೋಶದ ಅಡಿಟಿಪ್ಪಣಿಯಿಂದ ಒಂದೇ ಒಂದು ಒಳ್ಳೆಯ ಕೇಸು ಹಿಡಿಯಿರಿ. ಅದರ ಹೆಡ್‌ನೋಟ್‌ನಲ್ಲಿ (ತೀರ್ಪಿನ ತಲೆಯಲ್ಲಿ ಕೊಡುವ ಚಿಕ್ಕ ಸಾರ) ಕೀ ನಂಬರ್ ಸಿಗುತ್ತದೆ. ಅದೇ ನಂಬರಿನಡಿ ಬೇರೆ ರಾಜ್ಯಗಳ ತೀರ್ಪುಗಳೂ ಸಾಲಾಗಿ ಸಿಗುತ್ತವೆ. ನನಗಂತೂ ಹುಡುಕಾಟದ ಅತ್ಯಂತ ಖುಷಿಯ ಹೊತ್ತು ಇದೇ.

ಮುದ್ರಿತ ಸಂಪುಟವಾದರೆ ಹಿಂದಿನ ರಟ್ಟಿನ ಜೇಬಿನಲ್ಲಿರುವ ಪಾಕೆಟ್ ಪಾರ್ಟ್ ನೋಡಿ, ಹೊಸ ಬದಲಾವಣೆಗಳು ಅಲ್ಲಿರುತ್ತವೆ. ಕೇಸು ಇನ್ನೂ ಊರ್ಜಿತವಾಗಿದೆಯಾ ಎಂದು, ನಂತರದ ತೀರ್ಪುಗಳು ಅದರ ಬಗ್ಗೆ ಏನು ಹೇಳಿವೆ ಎಂದು ತೋರಿಸುವ ಶೆಪರ್ಡ್ಸ್ ಅಥವಾ ಕೀಸೈಟ್‌ನಲ್ಲಿ ಪರೀಕ್ಷಿಸಿ.

ಇನ್ನು ಕಾಯ್ದೆಗಳು. ಇವನ್ನು ಸಾರಾಂಶದಲ್ಲಿ ಓದಿ ಬಿಡಬೇಡಿ, ಮೂಲ ಪಠ್ಯವನ್ನೇ ಓದಿ. 1966ರ ಪ್ರಾಣಿ ಕಲ್ಯಾಣ ಕಾಯ್ದೆ ಅಂದಾಗ ಎಲ್ಲ ಪ್ರಾಣಿಗೂ ರಕ್ಷಣೆ ಇದೆ ಅನಿಸುತ್ತದೆ. ಆದರೆ ಸಂಶೋಧನೆಗೆಂದೇ ಬೆಳೆಸಿದ ಇಲಿ, ಹೆಗ್ಗಣ, ಹಕ್ಕಿಗಳನ್ನು 2002ರ ತಿದ್ದುಪಡಿ ‘ಪ್ರಾಣಿ’ ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. ಓದಿದಾಗ ಮನಸ್ಸಿಗೆ ತುಂಬಾ ನೋವಾಗುತ್ತದೆ. ನಿಮ್ಮ ಪ್ರಬಂಧಕ್ಕೆ ಮಾತ್ರ ಅದು ಬೇಕೇ ಬೇಕು.

ಇನ್ನೊಂದು ವಿಷಯ. ಹೆಡ್‌ನೋಟ್‌ಗಳು ಸಾಮಾನ್ಯವಾಗಿ ಬಹುಮತದ ತೀರ್ಪಿನಿಂದ ತೆಗೆದವು. ಭಿನ್ನಮತದ ಮಾತು ಡೈಜೆಸ್ಟ್‌ನಲ್ಲಿ ಸಿಗುವುದು ಕಷ್ಟ. 2022ರಲ್ಲಿ ಹ್ಯಾಪಿ 5–2ರಲ್ಲಿ ಸೋತಿತು. ಆ ಇಬ್ಬರು ನ್ಯಾಯಮೂರ್ತಿಗಳ ಭಿನ್ನಮತವನ್ನು ತೀರ್ಪಿನಲ್ಲೇ ಪೂರ್ತಿ ಓದಿ. ನೀವು ಹುಡುಕುತ್ತಿರುವ ಹಕ್ಕಿನ ವಾದ ಅಲ್ಲಿದೆ.