ಒಂದೇ ಪದ ಒಬ್ಬರಿಗೆ ಖುಷಿ, ಇನ್ನೊಬ್ಬರಿಗೆ ಭಯ ತರುವುದು ಯಾಕೆ?

ಪದ ಯಾವುದನ್ನು ಹೆಸರಿಸುತ್ತದೆ ಅನ್ನುವುದು ಒಂದು, ಅದನ್ನು ಕೇಳಿದಾಗ ಮನಸ್ಸಿನಲ್ಲಿ ಏಳುವ ಭಾವ ಇನ್ನೊಂದು. ಮೊದಲನೆಯದು ನಿಘಂಟಿನಲ್ಲಿ ಸಿಗುತ್ತದೆ. ಎರಡನೆಯದು ಆ ಪದವನ್ನು ನಾವು ಯಾರ ಬಾಯಲ್ಲಿ, ಎಂಥ ಹೊತ್ತಿನಲ್ಲಿ ಕೇಳುತ್ತಾ ಬೆಳೆದೆವು ಅನ್ನುವುದರಿಂದ ಬರುತ್ತದೆ.

‘ಕೋಡಿ’ಯನ್ನೇ ನೋಡಿ. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಕೆರೆಗಳೇ ಆಧಾರ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗವೇ ಕೋಡಿ. ಕೆರೆ ಕೋಡಿ ಬಿತ್ತು ಅಂದರೆ ಜನ ನೋಡಲು ಓಡುತ್ತಾರೆ, ಬಾಗಿನ ಅರ್ಪಿಸುತ್ತಾರೆ. ಆ ಮಾತು ಹೇಳುವಾಗ ನಮ್ಮಜ್ಜಿಯ ಮುಖ ಅರಳುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬೆಂಗಳೂರಿನಲ್ಲಿ ಕೆರೆಯ ಕೆಳಗಿನ ಬಡಾವಣೆಯವರಿಗೆ ಅದೇ ಮಾತು ಮನೆಗೆ ನೀರು ನುಗ್ಗುವ ಸುದ್ದಿ. ಕೆರೆಯ ಒಡನಾಟವೇ ಇಲ್ಲದವರು ‘ರಕ್ತದ ಕೋಡಿ’, ‘ಕಣ್ಣೀರ ಕೋಡಿ’ ಅಂತಷ್ಟೇ ಕೇಳಿರುತ್ತಾರೆ, ಅವರಿಗೆ ಪದದಲ್ಲೇ ನೋವಿದೆ. ಕುಂದಾಪುರದವರಿಗೋ, ಕೋಡಿ ಅಂದರೆ ಕಡಲತೀರದ ಊರು! ಅಲ್ಲಿ ಭಾವ ಮಾತ್ರವಲ್ಲ, ಅರ್ಥವೇ ಬೇರೆ.

ಊರು ಒಂದೇ ಆದರೂ ಎಲ್ಲರಿಗೂ ಒಂದೇ ಭಾವ ಬರುತ್ತದೆ ಅಂತಿಲ್ಲ. 2021ರ ನವೆಂಬರ್ ಮಳೆಗೆ ನಮ್ಮ ಕಡೆ ಎಷ್ಟೋ ಕೆರೆಗಳು ಬಹಳ ವರ್ಷಗಳ ಮೇಲೆ ಕೋಡಿ ಹರಿದವು. ಆದರೆ ಅದು ರಾಗಿ ಕೊಯ್ಲಿನ ಕಾಲ. ಎಲ್ಲರೂ ಕೋಡಿ ನೋಡಲು ಹೊರಟಾಗ, ಯಾರ ತೆನೆ ನೆನೆದು ಹೊಲದಲ್ಲೇ ಮೊಳಕೆ ಒಡೆದಿತ್ತೋ ಆ ರೈತರು ಮನೆಯಲ್ಲೇ ಉಳಿದರು.