ಮಗನ ಕೈಗೂ ತಮಟೆಯೇ?

ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಿಂದ ಅಲ್ಲಿನ ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಬಡಮಕ್ಕಳು ಶಾಲೆ ಬಿಡದಂತೆ ಉಳಿಸಿಕೊಳ್ಳಲು ಸಂಗೀತ ನೆರವಾಗುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬಂದ ಲೇಖನದ ಮೇಲೆ ಅವರ ತಕರಾರು. ಸಾರಾಂಶ ಇಷ್ಟು: ಶಾಲೆಯಲ್ಲಿ ಗಣಿತದ ಮೇಷ್ಟ್ರಿಲ್ಲ, ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ದಸರಾ ರಜೆ ಬಂದಿರುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗರು ಗಾರೆ ಕೆಲಸಕ್ಕೆ, ಆಲೆಮನೆಗೆ, ಬೆಂಗಳೂರಿನ ಬೇಕರಿಗಳಿಗೆ ಹೋಗುತ್ತಿದ್ದಾರೆ. ಇಂಥದ್ದರಲ್ಲಿ ಹಾಡು ಕಲಿಸಿ ಎನ್ನುವುದು ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತೆ. ಅಷ್ಟಕ್ಕೂ ಕಲಿಸುವವರು ಯಾರು, ದುಡ್ಡು ಯಾರದು? ಕೊನೆಗೆ ಹೀಗೆ ಕೇಳಿದ್ದಾರೆ: “ನಮ್ಮಪ್ಪ ತಮಟೆ ಬಿಟ್ಟು ಕೂಲಿಗೆ ಹೋಗಿ ನನ್ನ ಪಿಯುಸಿ ತನಕ ಓದಿಸಿದ. ಈಗ ನನ್ನ ಮಗನ ಕೈಗೂ ಅದನ್ನೇ ಕೊಡಿ ಅಂತೀರಾ?”

ಮಾನ್ಯರೇ,

ಗಣಿತದ ಮೇಷ್ಟ್ರ ವಿಷಯದಲ್ಲಿ ನಿಮಗೂ ನಮಗೂ ಜಗಳವಿಲ್ಲ. ಆ ಹುದ್ದೆಗಾಗಿ ಬಿಇಓ ಕಚೇರಿಯ ಬಾಗಿಲು ಬಡಿಯುತ್ತಲೇ ಇರಿ. ಸಂಗೀತ ಬಂತು ಅಂತ ಆ ಬೇಡಿಕೆಯನ್ನು ಯಾರಾದರೂ ಬದಿಗಿಟ್ಟರೆ ನಾನೂ ನಿಮ್ಮ ಜೊತೆ ಬಂದು ಕೂರುತ್ತೇನೆ. ಮನೆಯವರು ಆಲೆಮನೆಯಲ್ಲಿ ಮುಂಗಡ ತೆಗೆದುಕೊಂಡಾಗಿದ್ದರೆ ಆ ಹುಡುಗನನ್ನು ಯಾವ ರಾಗವೂ ವಾಪಸು ಕರೆತರುವುದಿಲ್ಲ. ಅದು ಸಾಲದ ಲೆಕ್ಕ, ಅದಕ್ಕೆ ಬೇರೆಯದೇ ಮದ್ದು ಬೇಕು.

ಆದರೆ ಶಾಲೆ ಬಿಡುವವರೆಲ್ಲ ಹೀಗೆ ಒಂದೇ ಏಟಿಗೆ ಬಿಡುವುದಿಲ್ಲ. ಮೊದಲು ಸೋಮವಾರ ತಪ್ಪುತ್ತದೆ. ಭಾನುವಾರ ಕೂಲಿಗೆ ಹೋದವನು ಸೋಮವಾರ ಮಲಗುತ್ತಾನೆ, ಮಂಗಳವಾರ ಬಂದರೆ ಪಾಠ ಮುಂದೆ ಹೋಗಿರುತ್ತದೆ, ಹಿಂದಿನ ಬೆಂಚು ಗಟ್ಟಿಯಾಗುತ್ತದೆ. ಅವನು ಬಂದನೋ ಇಲ್ಲವೋ ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರುವುದಿಲ್ಲ. ಕಾನೂನಿನ ಹಿಡಿತವೂ ಅಲ್ಲಿಗೇ ಸಡಿಲ: ಶಿಕ್ಷಣ ಹಕ್ಕು ಕಾಯ್ದೆಯ ಮಿತಿ 14 ವರ್ಷ, 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯ್ದೆಯೂ 14 ದಾಟಿದವರಿಗೆ ಅಪಾಯಕಾರಿ ಕೆಲಸಗಳನ್ನಷ್ಟೇ ನಿಷೇಧಿಸುತ್ತದೆ. ಹೀಗೆ ಮೆಲ್ಲಗೆ ಜಾರುವ ಹುಡುಗನ ಬಗ್ಗೆಯೇ ನನ್ನ ಮಾತು.

ಬೀಸು ಕಂಸಾಳೆಯನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ಹುರಿ ಕಟ್ಟಿದ ತಾಳ. ಬೀಸಿದ ತಾಳ ಒಮ್ಮೆ ತನ್ನ ಬಟ್ಟಲಿಗೆ, ಇನ್ನೊಮ್ಮೆ ಪಕ್ಕದವನ ಬಟ್ಟಲಿಗೆ ಬಡಿಯಬೇಕು. ಪಕ್ಕದವನು ಬಂದಿಲ್ಲ ಅನ್ನಿ, ಏಟು ಗಾಳಿಗೆ ಹೋಗುತ್ತದೆ, ಸಾಲಿನ ಲಯವೇ ಕೆಡುತ್ತದೆ. ಕೋಲಾಟದಲ್ಲೂ ಅಷ್ಟೇ, ಜೊತೆ ತಪ್ಪಿದರೆ ಕೋಲು ನಿಲ್ಲುತ್ತದೆ. ಗಣಿತದ ಪೀರಿಯಡ್ಡಿಗೆ ಒಬ್ಬ ಬರದಿದ್ದರೆ ಪಾಠ ನಿಲ್ಲುವುದಿಲ್ಲ, ಇಲ್ಲಿ ನಿಲ್ಲುತ್ತದೆ. ಆಗ “ಎಲ್ಲೋ ಹೋಗಿದ್ದೆ ನೆನ್ನೆ?” ಎಂದು ಗದರುವವರು ಮೇಷ್ಟ್ರಲ್ಲ, ಜೊತೆಯ ಹುಡುಗರು. ನಾನು ಸಂಗೀತದ ಪರ ನಿಂತಿರುವುದು ಇದೊಂದಕ್ಕೆ. ಹಾಡಿದರೆ ಬುದ್ಧಿ ಚುರುಕಾಗುತ್ತದೆ, ವೀಣೆ ಕಲಿತರೆ ಲೆಕ್ಕ ಬರುತ್ತದೆ ಎಂಬ ಜಾಹೀರಾತಿನ ಮಾತುಗಳನ್ನು ನಾನು ಮಾರಲಾರೆ.

ಹೊರಗಿನ ಅನುಭವವೂ ಆ ಮಾತುಗಳಿಗೆ ಪೂರ್ತಿ ಆಸರೆ ಕೊಡುವುದಿಲ್ಲ. ಬಡಮಕ್ಕಳ ವಾದ್ಯವೃಂದ ಎಂದೊಡನೆ ಎಲ್ಲರೂ ವೆನೆಜುವೆಲಾದ ‘ಎಲ್ ಸಿಸ್ಟೆಮಾ’ವನ್ನು ಹೊಗಳುತ್ತಾರೆ. 1975ರಲ್ಲಿ ಹೊಸೆ ಆಂಟೋನಿಯೊ ಅಬ್ರೆವು ಕಟ್ಟಿದ್ದು. ಲೋಕಪ್ರಸಿದ್ಧ ವಾದ್ಯವೃಂದ ನಿರ್ದೇಶಕ ಗುಸ್ತಾವೊ ದುದಮೆಲ್ ಬೆಳೆದದ್ದು ಅಲ್ಲಿಯೇ. ಅದರ 16 ಕೇಂದ್ರಗಳಲ್ಲಿ ಸುಮಾರು 2,900 ಮಕ್ಕಳ ಮೇಲೆ ಚೀಟಿ ಎತ್ತಿದ ರೀತಿಯಲ್ಲಿ ಎರಡು ಗುಂಪು ಮಾಡಿ ಅಧ್ಯಯನ ನಡೆಸಿದಾಗ ಕಂಡದ್ದು, ಮಕ್ಕಳ ಸ್ವನಿಯಂತ್ರಣದಲ್ಲಿ ಸ್ವಲ್ಪ ಏರಿಕೆ. ಜಗಳಗಂಟ ನಡವಳಿಕೆಯಲ್ಲಿ, ಅದೂ ಹಿಂಸೆಯ ನಡುವೆ ಬೆಳೆದ ಗಂಡುಹುಡುಗರಲ್ಲಿ, ಇಳಿಕೆ. ಬುದ್ಧಿಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ: ಸೇರಲು ಮುಂದೆ ಬಂದ ಮಕ್ಕಳಲ್ಲಿ ಬಡವರ ಪಾಲು ಆ ಸೀಮೆಯ ಸರಾಸರಿಗಿಂತ ಎಷ್ಟೋ ಕಡಿಮೆಯಿತ್ತು. ಬಾಗಿಲು ತೆರೆದಿದ್ದರೂ ಒಳಗೆ ಬರುವಷ್ಟು ಬಿಡುವಿದ್ದವರೇ ಬಂದರು. ಶಾಲೆಯ ವೇಳೆ ಮುಗಿದ ಮೇಲೆ, ಸಂಜೆ ಹೊತ್ತು ನಡೆಯುವ ಕಲಿಕೆಯ ಗತಿ ಇದು. ನಿಮ್ಮೂರಿನಲ್ಲೂ ನಾಲ್ಕೂವರೆಯ ಮೇಲೆ ಇಟ್ಟುಕೊಂಡರೆ ದನ ಹಿಡಿದುಕೊಂಡು ಬರಬೇಕಾದವನು, ತಮ್ಮನನ್ನು ನೋಡಿಕೊಳ್ಳಬೇಕಾದವಳು, ಕೊನೇ ಬಸ್ಸು ಹಿಡಿಯಬೇಕಾದ ಹೆಣ್ಣುಮಕ್ಕಳು ಇರುವುದಿಲ್ಲ. ಆದ್ದರಿಂದ ವೇಳಾಪಟ್ಟಿಯ ಒಳಗೇ ಇರಲಿ. ನನ್ನನ್ನು ಕೇಳಿದರೆ ಸೋಮವಾರ, ಪ್ರಾರ್ಥನೆ ಮುಗಿದ ಕೂಡಲೇ.

ತಾಳ್ಮೆಯೂ ಬೇಕು. ಲಾಸ್ ಏಂಜಲೀಸಿನ ಬಡ ಕೇರಿಗಳಲ್ಲಿ 2001ರಿಂದ ನಡೆಯುತ್ತಿರುವ ‘ಹಾರ್ಮನಿ ಪ್ರಾಜೆಕ್ಟ್’ನ ಮಕ್ಕಳನ್ನು ನೀನಾ ಕ್ರೌಸ್ ಎಂಬ ವಿಜ್ಞಾನಿ ಪರೀಕ್ಷಿಸಿದರು. ಮಾತಿನ ಧ್ವನಿಗಳನ್ನು ಬಿಡಿಸಿ ಗ್ರಹಿಸುವ ಶಕ್ತಿಯಲ್ಲಿ ಒಂದು ವರ್ಷದ ಕಲಿಕೆಗೆ ಬದಲಾವಣೆ ಕಾಣಲಿಲ್ಲ, ಎರಡು ವರ್ಷಕ್ಕೆ ಕಂಡಿತು. ನಮ್ಮಲ್ಲಿ ಪ್ರತಿಭಾ ಕಾರಂಜಿಗೆ ಹದಿನೈದು ದಿನ ಮುಂಚೆ ಐದಾರು ಚೂಟಿ ಮಕ್ಕಳನ್ನು ಹೆಕ್ಕಿ ತಯಾರು ಮಾಡಿ, ಬಹುಮಾನ ಬಂದ ಮಾರನೇ ದಿನ ಎಲ್ಲ ಮುಚ್ಚಿಬಿಡುತ್ತಾರೆ. ಅದರಿಂದ ಹಿಂದಿನ ಬೆಂಚಿನವನಿಗೆ ಏನೂ ಸಿಗುವುದಿಲ್ಲ, ಚಪ್ಪಾಳೆ ತಟ್ಟುವ ಕೆಲಸ ಬಿಟ್ಟು.

ವಿಚಿತ್ರವೆಂದರೆ, ಹಾಡು ಮಕ್ಕಳನ್ನು ಶಾಲೆಯಲ್ಲಿ ಹಿಡಿದಿಡಬಲ್ಲದು ಎಂಬ ಪಾಠವನ್ನು ನಮ್ಮ ಮೈಸೂರು ಜಿಲ್ಲೆಯೇ ರಾಜ್ಯಕ್ಕೆ ಹೇಳಿಕೊಟ್ಟಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ–ಕಲಿ ಹಾಡು, ಕುಣಿತ, ಕಾರ್ಡುಗಳ ಮೂಲಕ ಸಣ್ಣ ಮಕ್ಕಳನ್ನು ಕೂರಿಸಿತು. ಆದರೆ ಅದು ಕೆಳಗಿನ ತರಗತಿಗಳಿಗಷ್ಟೇ. ಆಮೇಲೆ ಹಾಡು ನಿಂತುಹೋಗುತ್ತದೆ, ನಿಜವಾಗಿ ಶಾಲೆ ಬಿಡುವ ವಯಸ್ಸು ಶುರುವಾಗುವುದು ಅದಾದ ಎಷ್ಟೋ ವರ್ಷಕ್ಕೆ. ಎರಡಕ್ಕೂ ನೇರ ನಂಟು ಕಟ್ಟುತ್ತಿಲ್ಲ. ಹದಿನಾಲ್ಕರ ಹುಡುಗನಿಗೆ ಲಯ ಬೇಡ ಎಂದು ಯಾರು ತೀರ್ಮಾನಿಸಿದರೋ!

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಅದನ್ನು ಜಾಣತನದಿಂದ ದಾಟಿ ಹೋಗಲು ನನಗೆ ಮನಸ್ಸಿಲ್ಲ. ನಿಮ್ಮ ತಂದೆಯವರು ತಮಟೆ ಕೆಳಗಿಟ್ಟದ್ದು ಸಂಗೀತ ಬೇಡವೆಂದಲ್ಲ. ಸಾವಿಗೆ, ಸಾರುವುದಕ್ಕೆ, ಹಬ್ಬಕ್ಕೆ ಕರೆದಾಗ ಬಡಿಯಲೇಬೇಕು, ಆದರೆ ಗುಡಿಯೊಳಗೆ ಬರಕೂಡದು ಎಂಬ ಕಟ್ಟಳೆ ಬೇಡವೆಂದು. ಎಪ್ಪತ್ತು–ಎಂಬತ್ತರ ದಶಕದ ದಲಿತ ಚಳವಳಿಯಲ್ಲಿ ಹೀಗೆ ಬಿಟ್ಟವರು ಎಷ್ಟೋ ಮಂದಿ. ಅದೇ ಚಳವಳಿಯ ಮೆರವಣಿಗೆಗಳಲ್ಲಿ ತಮಟೆ ಮೊಳಗಿದ್ದೂ, ಸಿದ್ಧಲಿಂಗಯ್ಯನವರ ಹಾಡುಗಳು ಊರೂರು ಸುತ್ತಿದ್ದೂ ನಿಜ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದದ್ದು ತಮಟೆಗೇ. ಹಾಗಂತ ದೆಹಲಿಯ ಒಂದು ಪದಕ ನಿಮ್ಮೂರಿನ ಕಟ್ಟಳೆಯನ್ನು ಅಳಿಸಿತು ಎಂದು ವಾದಿಸಿದರೆ ನೀವು ನಗುತ್ತೀರಿ, ಸರಿಯಾಗಿಯೇ ನಗುತ್ತೀರಿ.

ನನ್ನ ಉತ್ತರ ಇದು: ಶಾಲೆಯಲ್ಲಿ ತಮಟೆ ಇರಬೇಕಾದರೆ ಅದು ಎಲ್ಲರ ಕೈಗೂ ಹೋಗಬೇಕು. ಗೌಡರ ಮಗ ಹುಲ್ಲು ಹೊತ್ತಿಸಿ ತಮಟೆ ಕಾಯಿಸಲಿ, ಚರ್ಮದ ತೇವ ಆರಿ ಬಿಗಿಯಾದಂತೆ ಸದ್ದು ಏರುವುದನ್ನು ಬೆರಳಿನಿಂದ ತಟ್ಟಿ ನೋಡಲಿ. ವಿಜ್ಞಾನದ ಶಬ್ದದ ಪಾಠವೂ ಅಲ್ಲೇ ಆದೀತು. ನಿಮ್ಮ ಮಗ ಅದೇ ದಿನ ಹಾರ್ಮೋನಿಯಂ ಮುಂದೆ ಕೂರಲಿ. ಪ್ರಾರ್ಥನೆಯ ಮೈಕು ಒಂದು ಬೀದಿಯ ಹೆಣ್ಣುಮಕ್ಕಳಿಗೆ, ಶಾಸಕರು ಬಂದಾಗ ಗೇಟಿನ ಬಳಿ ತಮಟೆ ಇನ್ನೊಂದು ಬೀದಿಯ ಗಂಡುಮಕ್ಕಳಿಗೆ ಎಂದು ಹಂಚಿಕೆಯಾದರೆ ಆ ದಿನವೇ ನಿಲ್ಲಿಸಿ. ಸಮಿತಿಯಲ್ಲಿ ನೀವಿದ್ದೀರಿ, ನಿಲ್ಲಿಸಿ ಎಂದು ಪಟ್ಟು ಹಿಡಿಯಬಹುದು. ಇಷ್ಟಾದ ಮೇಲೂ ನಿಮ್ಮ ಮಗ ತಮಟೆ ಮುಟ್ಟುವುದು ಬೇಡ ಅನ್ನಿಸಿದರೆ ಅದು ನಿಮ್ಮ ಮನೆಯ ತೀರ್ಮಾನ. ಅದರಲ್ಲಿ ತಲೆಹಾಕುವ ಹಕ್ಕು ಮೈಸೂರಿನಲ್ಲಿ ಕೂತ ಸಂಪಾದಕನಿಗಿಲ್ಲ.

ಕಲಿಸುವವರು ಯಾರು ಎಂದಿರಿ. ಮಂಟೇಸ್ವಾಮಿ ಪರಂಪರೆಯ ಮಠವಿರುವ ಬೊಪ್ಪೇಗೌಡನಪುರದ ಸೀಮೆಯವರು ನೀವು. ತಂಬೂರಿ, ಗಗ್ಗರ ಹಿಡಿದು ಮಂಟೇಸ್ವಾಮಿ ಕಥೆಯನ್ನು ರಾತ್ರಿಯಿಡೀ ಬಾಯಲ್ಲೇ ಹಾಡುವ ನೀಲಗಾರರು ನಿಮ್ಮ ಸುತ್ತಮುತ್ತ ಇದ್ದಾರೆ. ಅಂಥವರ ಮೊಮ್ಮಗನನ್ನೇ ‘ಇವನಿಗೆ ನಾಲ್ಕು ಸಾಲಿನ ಪದ್ಯ ಬಾಯಿಗೆ ಬರಲ್ಲ’ ಎಂದು ಹೊರಗೆ ನಿಲ್ಲಿಸುವ ಶಾಲೆಗಳಿವೆ. ಆ ತಾತನನ್ನು ಕರೆಯಿರಿ. ಗೌರವಧನ ಕೊಡಿ, ಮೇಷ್ಟ್ರುಗಳ ಕೋಣೆಯಲ್ಲಿ ಕುರ್ಚಿ ಹಾಕಿ, ಎಲ್ಲರ ಲೋಟದಲ್ಲೇ ಕಾಫಿ ಕೊಡಿ. ದುಡ್ಡಿನ ವಿಷಯಕ್ಕೆ ಪಂಚಾಯಿತಿಯನ್ನು ಕೇಳಿ. ವಾದ್ಯ, ವೇಷಭೂಷಣಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯವಿದೆ, ಮಂಡ್ಯದ ಕಚೇರಿಯಲ್ಲಿ ವಿಚಾರಿಸಿ.

ಎರಡು ಎಚ್ಚರಿಕೆ. ಹೋಂವರ್ಕ್ ಮಾಡದವನಿಗೆ ಕಂಸಾಳೆ ಇಲ್ಲ ಎಂಬ ಶಿಕ್ಷೆ ಬೇಡ. ಯಾರಿಗೆ ಅದು ಬೇಕೋ ಅವನಿಂದಲೇ ಕಿತ್ತುಕೊಂಡಂತಾಗುತ್ತದೆ. ಜನವರಿ ಬಂತೆಂದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಭಯಕ್ಕೆ ಮುಖ್ಯ ಶಿಕ್ಷಕರು ಮೊದಲು ಕತ್ತರಿಸುವುದೂ ಈ ಪೀರಿಯಡ್ಡನ್ನೇ. ಒಂಬತ್ತನೆಯವರದ್ದನ್ನಾದರೂ ಉಳಿಸಿಕೊಳ್ಳಿ.

ಪತ್ರದ ತುದಿಯಲ್ಲಿ, ಬೆಂಗಳೂರಿನ ದಾನಿಯೊಬ್ಬರು ಶಾಲೆಗೆ ಕೀಬೋರ್ಡ್ ಕೊಡಿಸುತ್ತಾರಂತೆ, ತೆಗೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಒಂದು ಕೀಬೋರ್ಡನ್ನು ಒಬ್ಬ ನುಡಿಸುತ್ತಾನೆ, ಮೂವತ್ತೊಂಬತ್ತು ಮಂದಿ ನೋಡುತ್ತಾರೆ. ತಿಂಗಳು ಕಳೆದರೆ ಅದು ಮುಖ್ಯ ಶಿಕ್ಷಕರ ಬೀರು ಸೇರುತ್ತದೆ. ಅದೇ ದುಡ್ಡಿಗೆ ಬರುವಷ್ಟು ಜೊತೆ ಕಂಸಾಳೆ, ನಾಲ್ಕು ತಮಟೆ ಕೊಡಿಸಿ ಎಂದು ಅವರನ್ನು ಕೇಳಿ. ಒಪ್ಪದಿದ್ದರೆ ಕೀಬೋರ್ಡೇ ಬರಲಿ, ಬೀಗದ ಕೈ ಮಾತ್ರ ಒಂಬತ್ತನೇ ಕ್ಲಾಸಿನ ಮಕ್ಕಳ ಹತ್ತಿರವೇ ಇರಲಿ.

— ಸಂಪಾದಕ