ಗೇರ್ ಬಿಗಿಯೇ? ಮೊದಲು ಮ್ಯಾಟ್ ನೋಡಿ

ಪ್ರಶ್ನೆ: ನಮ್ಮದು ಒಂಬತ್ತು ವರ್ಷದ ಪೆಟ್ರೋಲ್ ಕಾರು. ಫಸ್ಟ್, ರಿವರ್ಸ್ ಗೇರ್ ತುಂಬಾ ಬಿಗಿ. ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡರೆ ಕೈ ಸೋತುಹೋಗುತ್ತದೆ. ಗೇರ್‌ಬಾಕ್ಸ್ ಬಿಚ್ಚಲೇಬೇಕಾ ಸಾರ್?
– ಓದುಗರೊಬ್ಬರು, ಮಂಡ್ಯ

ಉತ್ತರ: ಅವಸರ ಬೇಡ ಸ್ವಾಮಿ. ಎಂಜಿನ್ ಆಫ್ ಮಾಡಿ, ಎಲ್ಲ ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಆನ್ ಇದ್ದಾಗ ಮಾತ್ರ ಬಿಗಿಯಾದರೆ ಪೆಡಲ್ ಒತ್ತಿದರೂ ಕ್ಲಚ್ ಎಂಜಿನ್ನನ್ನು ಗೇರ್‌ಬಾಕ್ಸ್‌ನಿಂದ ಪೂರ್ತಿ ಬಿಡಿಸುತ್ತಿಲ್ಲ ಅಂತ ಅನುಮಾನಿಸಿ. ಕೇಬಲ್ ಸಡಿಲವಾಗಿರಬಹುದು. ಕೇಬಲ್ ಬದಲು ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಆದರೆ ಅದರ ಆಯಿಲ್ ಇಳಿದಿರಬಹುದು. ಆಫ್ ಇದ್ದಾಗಲೂ ಬಿಗಿಯೇ? ಗೇರ್ ಲಿವರ್‌ನ ಕೇಬಲ್, ಜಾಯಿಂಟ್ ತೋರಿಸಿ. ಗೇರ್ ಆಯಿಲ್ ಕೊನೆಗೆ ಯಾವಾಗ ಬದಲಾಯಿಸಿದ್ದು, ನೆನಪಿದೆಯಾ?

ನನಗೂ ಒಮ್ಮೆ ಹೀಗಾಗಿತ್ತು. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಸೆಕೆಂಡ್‌ನಿಂದ ಫಸ್ಟ್‌ಗೆ ಬೀಳಲೇ ಇಲ್ಲ. ಹಿಂದೆ ಹಾರ್ನೋ ಹಾರ್ನು, ಪಕ್ಕದಲ್ಲಿ ಮನೆಯವರ ಮಂಗಳಾರತಿ. ಪಕ್ಕಕ್ಕೆ ನಿಲ್ಲಿಸಿ ಬಗ್ಗಿ ನೋಡಿದರೆ, ಹೊಸ ದಪ್ಪ ಮ್ಯಾಟ್ ಕ್ಲಚ್ ಪೆಡಲ್ ಕೆಳಗೆ ಮಡಚಿಕೊಂಡಿತ್ತು! ಪೆಡಲ್ ತಳಕ್ಕೆ ಹೋಗಲು ಜಾಗವೇ ಇರಲಿಲ್ಲ. ಹಾಗಾಗಿ ನಿಮ್ಮದನ್ನೂ ಮೊದಲು ಎತ್ತಿ ನೋಡಿ, ಖರ್ಚಿಲ್ಲದ ಕೆಲಸ ಅಲ್ವಾ?

ರಿವರ್ಸ್‌ಗೆ ಮಾತ್ರ ಗಾಡಿ ಪೂರ್ತಿ ನಿಲ್ಲಲಿ. ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಬಿಟ್ಟು ಹಾಕಿ. ಸುಮ್ನೆ ಗುದ್ದಬೇಡಿ.